ಪೆಟ್ರೋಲ್ ಬಂಕಿನ ಕೆಳಗೆ: ಖಾಲಿ ಟ್ಯಾಂಕಿನ ಒಳಗೆ ನೋಡೋದು ಹೇಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಯಾವ ಪೆಟ್ರೋಲ್ ಬಂಕಿಗೆ ಹೋದರೂ ನಾವು ಮಾಡೋದು ಒಂದೇ ಕೆಲಸ. ಬೈಕ್ ನಿಲ್ಲಿಸ್ತೀವಿ, ಮೀಟರಿನಲ್ಲಿ ಸೊನ್ನೆ ಬಂದಿದೆಯಾ ಅಂತ ನೋಡ್ತೀವಿ, ನೂರೋ ಇನ್ನೂರೋ ರೂಪಾಯಿಗೆ ಹಾಕಿಸ್ಕೊಂಡು ಹೊರಡ್ತೀವಿ. ನಾವು ನಿಂತ ಜಾಗದಿಂದ ಸ್ವಲ್ಪವೇ ದೂರದಲ್ಲಿ, ನೆಲದ ಕೆಳಗೆ, ಹತ್ತಿಪ್ಪತ್ತು ಸಾವಿರ ಲೀಟರ್ ಹಿಡಿಸುವ ಉಕ್ಕಿನ ಟ್ಯಾಂಕುಗಳು ಮಲಗಿವೆ ಅನ್ನೋದು ಯಾರಿಗೂ ನೆನಪಾಗೋದಿಲ್ಲ. ಮೇಲಿನ ಮೀಟರನ್ನು ದಿನಾ ಸಾವಿರ ಜನ ನೋಡ್ತಾರೆ. ಕೆಳಗಿನ ಟ್ಯಾಂಕಿನ ಒಳಮೈಯನ್ನು ಎಷ್ಟೋ ವರ್ಷಕ್ಕೊಮ್ಮೆ, ಯಾರೋ ಒಬ್ಬರು ನೋಡ್ತಾರೆ. ಹಾಗೆ ನೋಡೋಕೆ ಹೋದವರ ಜೀವಕ್ಕೇ ಅಲ್ಲಿ ಅಪಾಯ.

ಆ ಟ್ಯಾಂಕಿನ ಒಳಗನ್ನು ಪರೀಕ್ಷೆ ಮಾಡೋದು ಹೇಗೆ ಅನ್ನೋದೇ ಈ ಲೇಖನ. ಇದು ಮೆಕ್ಯಾನಿಕಲ್‌ನವರ ವಿಷಯ ಮಾತ್ರ ಅಲ್ಲ. ಮೊದಲ ವರ್ಷದ ಕೆಮಿಸ್ಟ್ರಿ, ಸಿವಿಲ್‌ನವರ ಮಣ್ಣು, ಎಲೆಕ್ಟ್ರಾನಿಕ್ಸ್‌ನವರ ಸೆನ್ಸರ್, ಎಲ್ಲರಿಗೂ ಬೇಜಾರು ತರಿಸುವ ಡಿಫರೆನ್ಷಿಯಲ್ ಈಕ್ವೇಷನ್, ಎಲ್ಲವೂ ಇದರಲ್ಲಿ ಬರ್ತದೆ.

ಕೆಳಗೆ ಏನಿದೆ?

ಟ್ಯಾಂಕ್ ಅಂದ್ರೆ ಅಡ್ಡ ಮಲಗಿಸಿದ ಒಂದು ಉಕ್ಕಿನ ಸಿಲಿಂಡರ್. ಇದರ ವಿನ್ಯಾಸ, ಪರೀಕ್ಷೆ, ಅಳವಡಿಕೆಗೆ ಐಎಸ್ 10987 ಅನ್ನುವ ಭಾರತೀಯ ಮಾನಕ ಇದೆ. ಹೊರಮೈಗೆ ತುಕ್ಕು ತಡೆಯುವ ಲೇಪ, ಸುತ್ತ ಮರಳು, ಅದರಾಚೆ ಮಣ್ಣು. ಮೇಲ್ಭಾಗದಲ್ಲಿ ಒಂದು ಮ್ಯಾನ್‌ಹೋಲ್. ಅದರ ಜೊತೆ ಲಾರಿಯಿಂದ ಎಣ್ಣೆ ಇಳಿಸುವ ಪೈಪು, ಅಳತೆ ಕೋಲು ಇಳಿಸುವ ಪೈಪು, ಪಂಪಿಗೆ ಹೋಗುವ ಲೈನು, ಆವಿ ಹೊರಬಿಡುವ ವೆಂಟ್ ಪೈಪು. ಬಂಕಿನ ಗೋಡೆಯ ಪಕ್ಕ ಎತ್ತರಕ್ಕೆ ನಿಂತಿರುವ, ತುದಿಗೆ ಜಾಲರಿ ಇರುವ ಸಣ್ಣ ಪೈಪುಗಳನ್ನು ನೋಡಿರ್ತೀರಿ. ಅವೇ ವೆಂಟ್ ಪೈಪುಗಳು.

ಪ್ರತಿದಿನ ಬೆಳಿಗ್ಗೆ ಅಳತೆ ಕೋಲಿನ ತುದಿಗೆ ಒಂದು ಪೇಸ್ಟ್ ಹಚ್ಚಿ ಇಳಿಸ್ತಾರೆ. ಕೆಳಗೆ ನೀರಿದ್ದರೆ ಪೇಸ್ಟಿನ ಬಣ್ಣ ಬದಲಾಗ್ತದೆ. ಎಷ್ಟೋ ಕಡೆ ಈಗ ಆಟೊಮ್ಯಾಟಿಕ್ ಗೇಜ್ ಬಂದಿದೆ, ಟ್ಯಾಂಕಿನೊಳಗೆ ನಿಂತ ಒಂದು ಪ್ರೋಬ್ ಎಣ್ಣೆಯ ಮಟ್ಟ, ನೀರಿನ ಮಟ್ಟ, ಉಷ್ಣತೆ ಮೂರನ್ನೂ ಕಂಪ್ಯೂಟರಿಗೆ ಕಳಿಸ್ತದೆ. ಹಾಗಾದ್ರೆ ಒಳಗೆ ಹೋಗಿ ನೋಡೋ ಅಗತ್ಯ ಏನು?

ಲೆಕ್ಕಕ್ಕೆ ಸಿಗದ ಸೋರಿಕೆ

ಒಂದು ಸೆಕೆಂಡಿಗೆ ಒಂದು ಹನಿ ಸೋರುವ ಸಣ್ಣ ತೂತು ಇದೆ ಅಂದುಕೊಳ್ಳಿ. 20 ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೆ ದಿನಕ್ಕೆ ಸುಮಾರು 4.3 ಲೀಟರ್, ವರ್ಷಕ್ಕೆ 1,500 ಲೀಟರಿಗೂ ಜಾಸ್ತಿ. ಗೇಜಿನಲ್ಲಿ ಇದು ಕಾಣಬೇಕಲ್ವಾ?

ಸುಲಭಕ್ಕೆ ಕಾಣೋದಿಲ್ಲ. ಪೆಟ್ರೋಲ್ ಉಷ್ಣತೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಹತ್ತು ಸಾವಿರ ಲೀಟರ್ ಪೆಟ್ರೋಲಿನ ಉಷ್ಣತೆ ಬರೀ 5 ಡಿಗ್ರಿ ಬದಲಾದರೆ ಅದರ ಗಾತ್ರ ಸುಮಾರು 50 ಲೀಟರ್ ಬದಲಾಗ್ತದೆ. ಬಿಸಿಲಲ್ಲಿ ಬಂದ ಲಾರಿಯಿಂದ ಇಳಿಸಿದ ಎಣ್ಣೆ ನೆಲದಡಿ ತಣ್ಣಗಾಗುವಾಗ ಆಗುವ ಕುಗ್ಗುವಿಕೆ, ಆವಿಯಾಗಿ ಹೋಗುವ ಪಾಲು, ಮೀಟರಿನ ಸಣ್ಣ ವ್ಯತ್ಯಾಸ, ಇವೆಲ್ಲದರ ನಡುವೆ ದಿನಕ್ಕೆ ನಾಲ್ಕು ಲೀಟರ್ ಸದ್ದಿಲ್ಲದೆ ಮುಚ್ಚಿಹೋಗ್ತದೆ. ಆ ಎಣ್ಣೆ ಹೋಗೋದು ಪಕ್ಕದ ಬಾವಿಗೆ, ಬೋರ್‌ವೆಲ್‌ಗೆ. ಪೆಟ್ರೋಲಿನಲ್ಲಿ ಬೆಂಜೀನ್ ಇರ್ತದೆ, ಬಿಎಸ್-6 ಮಾನಕದಲ್ಲೂ ಶೇ. 1ರವರೆಗೆ ಅನುಮತಿ ಇದೆ. ಬೆಂಜೀನ್ ಕ್ಯಾನ್ಸರ್ ತರುವ ರಾಸಾಯನಿಕ. ಬೇಸಿಗೆಯಲ್ಲಿ ಒಂದೊಂದು ಕೊಡ ನೀರಿಗೂ ಪರದಾಡುವ ಸೀಮೆಯಲ್ಲಿ ಒಂದು ಬೋರ್‌ವೆಲ್ ಹಾಳಾಗೋದು ಸಣ್ಣ ವಿಷಯ ಅಲ್ಲ.

ಇನ್ನೊಂದು ಉದಾಹರಣೆ ಅಮೆರಿಕದ್ದು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, 42 ಡೀಸೆಲ್ ಟ್ಯಾಂಕುಗಳ ಒಳಗೆ ಕ್ಯಾಮೆರಾ ಇಳಿಸಿ ನೋಡಿ 2016ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ಶೇ. 83ರಷ್ಟು ಟ್ಯಾಂಕುಗಳಲ್ಲಿ ಮಧ್ಯಮ ಅಥವಾ ತೀವ್ರ ತುಕ್ಕು ಸಿಕ್ಕಿತು. ತಮ್ಮ ಟ್ಯಾಂಕಿನಲ್ಲಿ ತುಕ್ಕಿದೆ ಅಂತ ಮೊದಲೇ ಗೊತ್ತಿದ್ದ ಮಾಲೀಕರು ಶೇ. 25ಕ್ಕಿಂತ ಕಡಿಮೆ. ಒಳಗೆ ನೋಡುವ ತನಕ ಉಳಿದವರಿಗೆ ಎಲ್ಲ ಸರಿಯಾಗಿಯೇ ಇತ್ತು!

ತಳದ ನೀರು, ಕಬ್ಬಿನ ಎಥನಾಲ್

ತುಕ್ಕು ಹಿಡಿಯೋದು ಎಣ್ಣೆಯಿಂದಲ್ಲ, ತಳದಲ್ಲಿ ಕೂತ ನೀರಿನಿಂದ. ವೆಂಟ್ ಪೈಪಿನಿಂದ ಬಂದ ತೇವ ರಾತ್ರಿ ಹನಿಗಟ್ಟಿ ಇಳೀತದೆ. ಮಳೆಗಾಲದಲ್ಲಿ ಮುಚ್ಚಳದ ಸಂದಿಯಿಂದ ಇಳೀತದೆ. ನೀರು ಎಣ್ಣೆಗಿಂತ ಭಾರ, ಹಾಗಾಗಿ ತಳ ಸೇರ್ತದೆ. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಆಮ್ಲ ಉತ್ಪತ್ತಿ ಮಾಡಿ, ಉಕ್ಕಿನಲ್ಲಿ ಗುಳಿ ಕೊರೆಯುತ್ತವೆ.

ಪೆಟ್ರೋಲಿಗೆ ಈಗ ಎಥನಾಲ್ ಬಂದಿದೆ. ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಹತ್ತು ಸಾವಿರ ಲೀಟರ್ ಇ20 ಅಂದ್ರೆ ಅದರಲ್ಲಿ ಎರಡು ಸಾವಿರ ಲೀಟರ್ ಎಥನಾಲ್. ಇಂಡಿ, ಸಿಂದಗಿ ಕಡೆ ಭೀಮಾ ತೀರದಲ್ಲಿ ಕಬ್ಬು ಬೆಳೀತಾರೆ, ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಎಥನಾಲ್‌ಗೆ ಕಬ್ಬೂ ಒಂದು ಮೂಲ, ರೈತರಿಗೆ ಇದು ಒಳ್ಳೇದು. ಆದರೆ ಎಥನಾಲ್‌ಗೆ ನೀರಂದ್ರೆ ಪ್ರೀತಿ. ಸ್ವಲ್ಪ ನೀರಿದ್ದರೆ ತನ್ನಲ್ಲಿ ಕರಗಿಸಿಕೊಳ್ತದೆ. ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳೀತದೆ. ಇದಕ್ಕೆ ಫೇಸ್ ಸೆಪರೇಷನ್ ಅಂತಾರೆ. ಹಳೇ ಥರದ ವಾಟರ್ ಪೇಸ್ಟ್ ಈ ಎಥನಾಲ್-ನೀರಿನ ಪದರವನ್ನು ಸರಿಯಾಗಿ ತೋರಿಸದೇ ಇರಬಹುದು, ಅದಕ್ಕೇ ಬೇರೆ ಪೇಸ್ಟ್ ಬೇಕು. ಅಂದ್ರೆ ಮೊದಲಿಗಿಂತ ಈಗ ಟ್ಯಾಂಕಿನ ತಳ ಒಣಗಿರಬೇಕಾದ ಅಗತ್ಯ ಜಾಸ್ತಿ.

ಎರೆಮಣ್ಣು ಮತ್ತು ತೇಲುವ ಟ್ಯಾಂಕು

ಒಳಗಿನ ಕಥೆ ಇದಾದರೆ ಹೊರಗೆ ನಮ್ಮ ಎರೆಮಣ್ಣಿದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಈ ಚಲನೆಯಿಂದ ಪೈಪಿನ ಜೋಡಣೆಗಳ ಮೇಲೆ ಒತ್ತಡ ಬೀಳ್ತದೆ. ಹಸಿ ಎರೆಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಅಂದ್ರೆ ತುಕ್ಕಿನ ಎಲೆಕ್ಟ್ರೋಕೆಮಿಕಲ್ ಸೆಲ್ಲಿಗೆ ಒಳ್ಳೆಯ ಎಲೆಕ್ಟ್ರೋಲೈಟ್. ಟ್ಯಾಂಕಿನ ಸುತ್ತ ಮರಳು ತುಂಬೋದು, ಮೆಗ್ನೀಸಿಯಂ ಆನೋಡ್ ಹುಗಿದು ಅದು ಮೊದಲು ಕರಗುವಂತೆ ಮಾಡೋದು, ಎರಡೂ ಇದೇ ಕಾರಣಕ್ಕೆ.

ಇದರ ಜೊತೆಗೆ ನೀರಾವರಿ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದ ಆಲಮಟ್ಟಿ, ಮುದ್ದೇಬಿಹಾಳದ ಆಚೆಗಿನ ನಾರಾಯಣಪುರ, ಅಲ್ಲಿಂದ ಬರುವ ಇಂಡಿ ಶಾಖಾ ಕಾಲುವೆ, ಇವುಗಳಿಂದ ಒಣ ಹೊಲಗಳಿಗೆ ನೀರು ಬಂತು. ಕಾಲುವೆ ಕೆಳಗಿನ ಕೆಲವು ಜಾಗಗಳಲ್ಲಿ ಭೂಮಿ ಜವಳು, ಸವಳು ಆಯ್ತು. 2020ರ ಅಕ್ಟೋಬರಿನಲ್ಲಿ ಭೀಮಾ ಪ್ರವಾಹ ಇಂಡಿ, ಸಿಂದಗಿಯ ಹಳ್ಳಿಗಳಿಗೆ ನುಗ್ಗಿದ್ದು ನೆನಪಿರಬಹುದು. ಅಂತರ್ಜಲ ಮೇಲೆ ಬಂದ ಜಾಗದಲ್ಲಿ ಟ್ಯಾಂಕಿಗೆ ಆರ್ಕಿಮಿಡೀಸ್ ತತ್ವ ಅನ್ವಯ ಆಗ್ತದೆ.

ಲೆಕ್ಕ ಹಾಕೋಣ. 2.1 ಮೀಟರ್ ವ್ಯಾಸ, 5.8 ಮೀಟರ್ ಉದ್ದದ ಟ್ಯಾಂಕ್ ಸುಮಾರು 20,000 ಲೀಟರ್ ಹಿಡಿಯುತ್ತದೆ. 6 ಮಿ.ಮೀ. ಪ್ಲೇಟಿನಲ್ಲಿ ಮಾಡಿದರೆ ಉಕ್ಕಿನ ತೂಕ ಬರೀ ಎರಡು ಟನ್ ಚಿಲ್ಲರೆ. ಪೂರ್ತಿ ನೀರಲ್ಲಿ ಮುಳುಗಿದರೆ ಮೇಲ್ಮುಖ ಬಲ 20 ಟನ್. ಖಾಲಿ ಟ್ಯಾಂಕನ್ನು ಸುಮಾರು 18 ಟನ್ ಬಲ ಮೇಲೆ ತಳ್ತದೆ. ತಮಾಷೆ ಅಂದ್ರೆ ಪೆಟ್ರೋಲ್ ತುಂಬಿದ್ದರೂ ಅದು ತೇಲ್ತದೆ: 20,000 ಲೀಟರ್ ಪೆಟ್ರೋಲಿನ ತೂಕ 15 ಟನ್ ಒಳಗೇ ಇದೆ, ಉಕ್ಕು ಸೇರಿಸಿದರೂ 17 ಟನ್. ಅದಕ್ಕೇ ಟ್ಯಾಂಕನ್ನು ಕಾಂಕ್ರೀಟಿಗೆ ಪಟ್ಟಿ ಹಾಕಿ ಬಿಗೀತಾರೆ. ಪರೀಕ್ಷೆಗೆ ಅಂತ ಟ್ಯಾಂಕ್ ಖಾಲಿ ಮಾಡುವ ಮೊದಲು ಗುಂಡಿಯಲ್ಲಿ ನೀರಿದೆಯಾ ನೋಡಬೇಕು. ಮಳೆಗಾಲದ ನಡುವೆ ಈ ಕೆಲಸ ಇಟ್ಟುಕೊಳ್ಳದೇ ಇರೋದು ಜಾಣತನ.

ತುಂಬಿದ್ದಕ್ಕಿಂತ ಖಾಲಿಯೇ ಅಪಾಯ

ಈಗ ಮುಖ್ಯ ಮಾತು. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇ. 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ ಹೊತ್ತಿಕೊಳ್ತದೆ. ಕೆಳಗಿನ ಗಡಿಗೆ ಎಲ್‌ಇಎಲ್, ಮೇಲಿನ ಗಡಿಗೆ ಯುಇಎಲ್ ಅಂತ ಹೆಸರು. ಎಣ್ಣೆ ಇರುವ ಟ್ಯಾಂಕಿನ ಮೇಲ್ಭಾಗದಲ್ಲಿ ಆವಿ ಶೇ. 40ರ ಹತ್ತಿರ ಇರಬಹುದು. ಅದು ತುಂಬಾ ದಟ್ಟ, ಹೊತ್ತಿಕೊಳ್ಳೋಕೆ ಬೇಕಾದಷ್ಟು ಆಮ್ಲಜನಕ ಅಲ್ಲಿಲ್ಲ. ಎಣ್ಣೆ ತೆಗೆದು ಮುಚ್ಚಳ ತೆರೆದಾಗಲೇ ಗಾಳಿ ಒಳಗೆ ಹೋಗಿ, ಮಿಶ್ರಣ ಆ ಅಪಾಯದ ಪಟ್ಟಿಯೊಳಗೆ ಇಳಿಯೋದು.

ಇಡೀ 20,000 ಲೀಟರ್ ಟ್ಯಾಂಕನ್ನು ಸ್ಫೋಟದ ಮಟ್ಟಕ್ಕೆ ತರೋಕೆ ಎಷ್ಟು ಪೆಟ್ರೋಲ್ ಬೇಕು? ಶೇ. 1.4 ಅಂದ್ರೆ 280 ಲೀಟರ್ ಆವಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 180 ಲೀಟರ್ ಆವಿ ಬರ್ತದೆ. ಅಂದ್ರೆ ಒಂದೂವರೆ ಲೀಟರ್ ಸಾಕು. ಒಂದೂವರೆ ಲೀಟರ್ ಅಂದ್ರೆ ತಳದ ಕೆಸರಿನಲ್ಲಿ, ತುಕ್ಕಿನ ಪದರಗಳ ಹಿಂದೆ, ಪೈಪಿನ ಮೂಲೆಯಲ್ಲಿ ಕಣ್ಣಿಗೆ ಬೀಳದೆ ಉಳಿಯುವಷ್ಟು. ಅಲ್ಲದೆ ಈ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ತಾನಾಗೇ ಮೇಲೆದ್ದು ಹೋಗೋದಿಲ್ಲ.

ಉಸಿರಾಟದ ವಿಷಯವೂ ಹಾಗೇ. ಶೇ. 40 ಜಾಗವನ್ನು ಆವಿ ಹಿಡಿದರೆ ಆಮ್ಲಜನಕ ಶೇ. 20.9ರಿಂದ 12.5ಕ್ಕೆ ಇಳಿದಿರ್ತದೆ. ಅಲ್ಲಿ ಇಳಿದವನಿಗೆ ಮೊದಲು ಹೋಗೋದು ಬುದ್ಧಿ: ಹೊರಗೆ ಬರಬೇಕು ಅಂತ ತೀರ್ಮಾನ ಮಾಡುವ ಶಕ್ತಿಯೇ ಉಳಿಯೋದಿಲ್ಲ.

ಹಗೇವು ಗೊತ್ತಿದ್ದವರಿಗೆ ಅರ್ಧ ಪಾಠ ಗೊತ್ತು

ನಮ್ಮ ಜೋಳದ ನಾಡಿನ ಹಿರಿಯರಿಗೆ ಇದು ಹೊಸದಲ್ಲ. ಬಿಳಿಜೋಳ ಕೂಡಿಡೋಕೆ ನೆಲದೊಳಗೆ ಹಗೇವು ತೋಡ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಥೇಟ್ ನಮ್ಮ ಟ್ಯಾಂಕಿನ ಹಾಗೆ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸಿ ಕಾರ್ಬನ್ ಡೈಆಕ್ಸೈಡ್ ತುಂಬ್ತಿತ್ತು. ಹುಳ ಸಾಯ್ತಿದ್ದವು, ಕಾಳು ಉಳೀತಿತ್ತು. ಆದರೆ ಬಾಯಿ ತೆರೆದ ಕೂಡಲೇ ಇಳಿದ ಮನುಷ್ಯರೂ ಸತ್ತಿದ್ದಾರೆ. ಅದಕ್ಕೇ ತೆರೆದು, ಗಾಳಿ ಆಡೋಕೆ ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುವ ಪದ್ಧತಿ ಬಂತು. ದೀಪವೇ ಅವರ ಆಕ್ಸಿಜನ್ ಮೀಟರ್.

ಪೆಟ್ರೋಲ್ ಟ್ಯಾಂಕಿನಲ್ಲಿ ಈ ಪಾಠದ ಅರ್ಧ ಮಾತ್ರ ಉಪಯೋಗಕ್ಕೆ ಬರ್ತದೆ. 'ನೋಡದೆ ಇಳಿಯಬೇಡ' ಅನ್ನೋದು ಸರಿ. ದೀಪ ಇಳಿಸೋದು ಮಾತ್ರ ನೇರವಾಗಿ ಸಾವು. ದೀಪದ ಕೆಲಸವನ್ನು ಇಲ್ಲಿ ಸೆನ್ಸರ್ ಮಾಡಬೇಕು.

ಗಾಳಿ ಹಾಯಿಸುವ ಲೆಕ್ಕ

ಮೊದಲು ಎಣ್ಣೆ ಪೂರ್ತಿ ಪಂಪ್ ಮಾಡಿ ತೆಗೀಬೇಕು. ಎಲ್ಲ ಪೈಪುಗಳನ್ನೂ ಬಿಚ್ಚಿ ಬ್ಲೈಂಡ್ ಫ್ಲ್ಯಾಂಜ್ ಹಾಕಬೇಕು, ಬರೀ ವಾಲ್ವ್ ಮುಚ್ಚಿದರೆ ಸಾಲದು. ವಿದ್ಯುತ್ ತೆಗೆದು ಬೀಗ ಹಾಕಬೇಕು. ಸ್ಟ್ಯಾಟಿಕ್ ಚಾರ್ಜಿನಿಂದ ಕಿಡಿ ಬರದಂತೆ ಟ್ಯಾಂಕ್, ಹೋಸ್, ಯಂತ್ರ ಎಲ್ಲಕ್ಕೂ ಅರ್ಥಿಂಗ್ ಜೋಡಿಸಬೇಕು. ಆಮೇಲೆ ಗಾಳಿ ಹಾಯಿಸಿ ಆವಿ ಹೊರಹಾಕೋದು. ಆ ಆವಿಯನ್ನು ನೆಲಮಟ್ಟದಲ್ಲಿ ಬಿಡದೆ, ಎತ್ತರದ ಪೈಪಿನಿಂದ, ಜನ ಮತ್ತು ವಾಹನಗಳಿಂದ ದೂರ ಬಿಡಬೇಕು.

ಒಳಗೆ ಆವಿ ಚೆನ್ನಾಗಿ ಬೆರೆತಿದೆ ಅಂತ ಹಿಡಿದರೆ ಇದು ನಾವು ಕಲಿತ ಫಸ್ಟ್ ಆರ್ಡರ್ ಈಕ್ವೇಷನ್. ಟ್ಯಾಂಕಿನ ಗಾತ್ರದಷ್ಟು ಗಾಳಿ ಒಮ್ಮೆ ಹಾಯ್ದಾಗ ಶೇ. 37ರಷ್ಟು ಆವಿ ಉಳೀತದೆ. 20 ಘನ ಮೀಟರ್ ಟ್ಯಾಂಕಿಗೆ ನಿಮಿಷಕ್ಕೆ 10 ಘನ ಮೀಟರ್ ಗಾಳಿ ಹಾಯಿಸಿದರೆ, ಶೇ. 40ರಿಂದ 7.6ಕ್ಕೆ ಇಳಿಯೋಕೆ 3.3 ನಿಮಿಷ. ಅಲ್ಲಿಂದ 1.4ಕ್ಕೆ ಇನ್ನೂ 3.4 ನಿಮಿಷ, ಈ 3.4 ನಿಮಿಷ ಇಡೀ ಟ್ಯಾಂಕ್ ಒಂದು ಬಾಂಬ್. ಎಲ್‌ಇಎಲ್‌ನ ಹತ್ತನೇ ಒಂದು ಭಾಗಕ್ಕೆ, ಅಂದ್ರೆ ಶೇ. 0.14ಕ್ಕೆ ತಲುಪೋಕೆ ಒಟ್ಟು 11 ನಿಮಿಷ.

ಪೇಪರಿನ ಮೇಲೆ 11 ನಿಮಿಷ. ನಿಜದಲ್ಲಿ ಮೂಲೆಗಳಿಗೆ ಗಾಳಿ ಹೋಗೋದಿಲ್ಲ, ಕೆಸರು ಹೊಸ ಆವಿ ಬಿಡ್ತಾನೇ ಇರ್ತದೆ. ಕೆಸರನ್ನು ಕೆದಕಿದ ಕೂಡಲೇ ರೀಡಿಂಗ್ ಮತ್ತೆ ಏರ್ತದೆ. ಹಾಗಾಗಿ ಬೆಳಿಗ್ಗೆ ಒಮ್ಮೆ ಅಳೆದು ಸಂಜೆವರೆಗೆ ಕೆಲಸ ಮಾಡೋ ಹಾಗಿಲ್ಲ. ಒಳಗೆ ಮನುಷ್ಯ ಇರುವಷ್ಟು ಹೊತ್ತೂ ಮೀಟರ್ ಓಡ್ತಿರಬೇಕು.

ಅಳೆಯುವ ಕ್ರಮವೂ ಮುಖ್ಯ: ಮೊದಲು ಆಮ್ಲಜನಕ, ಆಮೇಲೆ ಉರಿಯುವ ಅನಿಲ, ಕೊನೆಗೆ ವಿಷಾನಿಲ. ಯಾಕೆ? ಸಾಮಾನ್ಯ ಗ್ಯಾಸ್ ಮೀಟರಿನ ಸೆನ್ಸರ್ ಅನಿಲವನ್ನು ತನ್ನೊಳಗೆ ಉರಿಸಿ, ಆ ಬಿಸಿಯಿಂದ ರೆಸಿಸ್ಟೆನ್ಸ್ ಎಷ್ಟು ಬದಲಾಯ್ತು ಅಂತ ಅಳೀತದೆ. ಉರಿಯೋಕೆ ಆಮ್ಲಜನಕ ಬೇಕಲ್ಲ? ಅದೇ ಇಲ್ಲದಿದ್ದರೆ ಆವಿ ತುಂಬಿ ತುಳುಕ್ತಿದ್ದರೂ ಮೀಟರ್ ಸೊನ್ನೆಯ ಹತ್ತಿರ ತೋರಿಸಬಹುದು. ಆಮ್ಲಜನಕ ನೋಡದೆ ಆ ಸೊನ್ನೆಯನ್ನು ನಂಬಿದವನು ಕೆಟ್ಟ. ಮೇಲೆ, ಮಧ್ಯೆ, ತಳ, ಮೂರೂ ಕಡೆ ಅಳೀಬೇಕು. ಆಮ್ಲಜನಕ 19.5ರಿಂದ 23.5ರ ಒಳಗೆ, ಆವಿ ಎಲ್‌ಇಎಲ್‌ನ ಶೇ. 10ರ ಒಳಗೆ ಅನ್ನೋದು ಅಮೆರಿಕದ ಓಷಾ ಇಟ್ಟ ಗಡಿ. ಆದರೆ ಎಲ್‌ಇಎಲ್‌ನ ಶೇ. 10 ಅಂದ್ರೂ 1,400 ಪಿಪಿಎಂ. ಎಂಟು ಗಂಟೆ ಉಸಿರಾಡೋಕೆ ಪೆಟ್ರೋಲ್ ಆವಿಗೆ ಇಟ್ಟಿರುವ ಮಿತಿ 300 ಪಿಪಿಎಂ. ಬೆಂಕಿಯಿಂದ ಸುರಕ್ಷಿತ ಅಂದ ಮಾತ್ರಕ್ಕೆ ಶ್ವಾಸಕೋಶಕ್ಕೆ ಸುರಕ್ಷಿತ ಅಲ್ಲ, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಬೇಕೇ ಬೇಕು.

ಒಳಗೆ ಏನು ನೋಡ್ತಾರೆ?

ಕೆಸರು ತೆಗೆದು, ತೊಳೆದು, ಒರೆಸಿದ ಮೇಲೆ ನಿಜವಾದ ಪರೀಕ್ಷೆ ಶುರು. ತೊಳೆದ ನೀರು, ಕೆಸರು ಎರಡೂ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿವೆ, ಪಕ್ಕದ ಹಳ್ಳಕ್ಕೆ ಬಿಡೋ ಹಾಗಿಲ್ಲ. ಮೊದಲು ನೋಡೋದು ಅಳತೆ ಕೋಲಿನ ಪೈಪಿನ ನೇರ ಕೆಳಗೆ. ವರ್ಷಗಟ್ಟಲೆ ದಿನಾ ಕೋಲು ಕುಟ್ಟಿ ಕುಟ್ಟಿ ಅಲ್ಲಿ ಉಕ್ಕು ಸವೆದಿರಬಹುದು, ಅದಕ್ಕೇ ಆ ಜಾಗದಲ್ಲಿ ಇನ್ನೊಂದು ಪ್ಲೇಟ್ ಕೂರಿಸಿರ್ತಾರೆ. ಆಮೇಲೆ ತಳದ ನೀರು ನಿಲ್ಲುವ ಪಟ್ಟಿ, ವೆಲ್ಡಿಂಗ್ ಸಾಲುಗಳು, ಎರಡೂ ತುದಿಯ ಮುಚ್ಚಳಗಳು.

ಕಣ್ಣಿಗೆ ಕಾಣೋದು ಒಳಮೈ ಮಾತ್ರ. ಹೊರಗಿನಿಂದ ಎರೆಮಣ್ಣು ಎಷ್ಟು ತಿಂದಿದೆ ಅಂತ ತಿಳಿಯೋಕೆ ಅಲ್ಟ್ರಾಸಾನಿಕ್ ಮಾಪಕ ಬೇಕು. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 6 ಮಿ.ಮೀ. ಪ್ಲೇಟಿನಲ್ಲಿ ಪ್ರತಿಧ್ವನಿ ಹೋಗಿ ಬರೋಕೆ 2 ಮೈಕ್ರೊಸೆಕೆಂಡ್. ಅದು 1.36ಕ್ಕೆ ಇಳಿದರೆ ಪ್ಲೇಟ್ 4 ಮಿ.ಮೀ. ಉಳಿದಿದೆ ಅಂತ ಅರ್ಥ. ಒಳಮೈ ಮೇಲೆ ಚೌಕಳಿ ಗೆರೆ ಎಳೆದು ಒಂದೊಂದು ಬಿಂದುವಿನಲ್ಲೂ ಅಳೆದರೆ ಟ್ಯಾಂಕಿನ ನಕ್ಷೆಯೇ ಸಿಗ್ತದೆ.

ಮನುಷ್ಯ ಇಳಿಯಲೇಬೇಕಾ? ಎಲ್ಲ ಸಲವೂ ಇಲ್ಲ. ಕಿಡಿ ಬರದಂತೆ ಮಾಡಿದ, ಅಂಥ ವಾತಾವರಣಕ್ಕೆ ಪ್ರಮಾಣಪತ್ರ ಪಡೆದ ಕ್ಯಾಮೆರಾಗಳನ್ನು ಪೈಪಿನಿಂದಲೇ ಇಳಿಸಬಹುದು. ಒತ್ತಡ ಅಥವಾ ನಿರ್ವಾತ ಪರೀಕ್ಷೆಯಿಂದ ಸೋರಿಕೆ ಹುಡುಕಬಹುದು. ಕೆಸರು ತೆಗೆಯುವ ರೋಬೋಟುಗಳೂ ಇವೆ. ಮೊದಲು ಇವುಗಳಿಂದ ಎಷ್ಟು ತಿಳಿಯುತ್ತದೋ ತಿಳಿದುಕೊಂಡು, ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಮನುಷ್ಯನನ್ನು ಇಳಿಸಬೇಕು. ಪ್ರಾಜೆಕ್ಟ್ ವಿಷಯ ಹುಡುಕ್ತಿರುವವರು ಇಲ್ಲಿ ಸ್ವಲ್ಪ ಯೋಚಿಸಿ: ಸಣ್ಣ ಊರಿನ ಬಂಕಿಗೂ ಕೈಗೆಟುಕುವ ಬೆಲೆಯ, ಸುರಕ್ಷಿತ ಕ್ಯಾಮೆರಾ ವ್ಯವಸ್ಥೆ ಮಾಡೋದು ಲೈನ್ ಫಾಲೋಯರ್ ರೋಬೋಟ್ ಮಾಡೋದಕ್ಕಿಂತ ಎಷ್ಟೋ ಮೇಲು.

ಸಹಿ ಹಾಕುವವರು

ಕಾನೂನು ಇಲ್ಲ ಅಂತಲ್ಲ. 1934ರ ಪೆಟ್ರೋಲಿಯಂ ಕಾಯ್ದೆ, 2002ರ ಪೆಟ್ರೋಲಿಯಂ ನಿಯಮಗಳು ಇವೆ. ಲೈಸೆನ್ಸ್ ಕೊಡುವ ಪೆಸೊ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ, ಅನಿಲ ತುಂಬಿದ ಟ್ಯಾಂಕಿಗೆ ಇಳಿಯುವವರ ಬಗ್ಗೆ ಅಷ್ಟು ಹಿಂದೆಯೇ ಬರೆದಿತ್ತು: ಅರ್ಹ ವ್ಯಕ್ತಿಯ ಲಿಖಿತ ಪ್ರಮಾಣಪತ್ರ ಇರಬೇಕು, ಇಲ್ಲವೇ ಉಸಿರಾಟದ ಉಪಕರಣ ಹಾಕಿ, ಬೆಲ್ಟಿಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ಒಬ್ಬರು ಹಿಡಿದಿರಬೇಕು.

ಹೊರಗೆ ಹಗ್ಗ ಹಿಡಿದವನ ಕೆಲಸ ಒಳಗೆ ಹಾರೋದಲ್ಲ. ಅಮೆರಿಕದ ನಿಯೋಶ್ ಸಂಸ್ಥೆ 1986ರಲ್ಲಿ ಕೊಟ್ಟ ಎಚ್ಚರಿಕೆಯ ಪ್ರಕಾರ ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕಿಂತ ಹೆಚ್ಚು ಜನ ಇನ್ನೊಬ್ಬರನ್ನು ಉಳಿಸೋಕೆ ಹೋದವರು. ಅಣ್ಣ ಬಿದ್ದ ಅಂತ ತಮ್ಮ ಹಾರ್ತಾನೆ, ಜೊತೆಯವ ಬಿದ್ದ ಅಂತ ಇನ್ನೊಬ್ಬ ಹಾರ್ತಾನೆ. ಮ್ಯಾನ್‌ಹೋಲ್ ದುರಂತಗಳ ಸುದ್ದಿಯಲ್ಲಿ ಎರಡು, ಮೂರು ಹೆಸರು ಒಟ್ಟಿಗೆ ಬರೋದು ಇದಕ್ಕೇ. ಬೆಲ್ಟು, ಹಗ್ಗ, ಮ್ಯಾನ್‌ಹೋಲ್ ಮೇಲೆ ನಿಲ್ಲಿಸಿದ ಟ್ರೈಪಾಡ್ ಮತ್ತು ರಾಟೆ ಇದ್ದರೆ ಒಳಗೆ ಇಳಿಯದೆ ಮೇಲೆತ್ತಬಹುದು.

'ಅರ್ಹ ವ್ಯಕ್ತಿ' ಅನ್ನುವ ಪದವನ್ನು ಇನ್ನೊಮ್ಮೆ ಓದಿ. ಇನ್ನು ಕೆಲವು ವರ್ಷಗಳಲ್ಲಿ ಆ ಸಹಿ ಹಾಕೋದು ನಮ್ಮಲ್ಲೇ ಯಾರೋ. ಸೈಟಿನಲ್ಲಿ ಅವಸರ ಇರ್ತದೆ. ಬಂಕ್ ಒಂದು ದಿನ ಮುಚ್ಚಿದರೆ ವ್ಯಾಪಾರ ನಷ್ಟ, 'ಡೀಸೆಲ್ ಟ್ಯಾಂಕ್ ಸರ್, ಏನೂ ಆಗಲ್ಲ' ಅನ್ನುವವರು ಇರ್ತಾರೆ. ಡೀಸೆಲ್‌ನ ಫ್ಲ್ಯಾಶ್ ಪಾಯಿಂಟಿಗೆ ನಮ್ಮ ಮಾನಕದ ಕನಿಷ್ಠ ಮಿತಿ 35 ಡಿಗ್ರಿ, ನಮ್ಮ ಜಿಲ್ಲೆಯ ಬೇಸಿಗೆ 40 ದಾಟ್ತದೆ ಅನ್ನೋದನ್ನು ಅವರಿಗೆ ನೆನಪಿಸಿ. ಕೂಲಿಗೆ ಬಂದವನ ಕೈಗೆ ಬಕೆಟ್ ಕೊಡುವ ಮೊದಲು ಆಮ್ಲಜನಕ, ಎಲ್‌ಇಎಲ್, ಹಗ್ಗ, ಹೊರಗೆ ನಿಂತವನು, ಈ ನಾಲ್ಕನ್ನೂ ನಾವೇ ನಮ್ಮ ಕಣ್ಣಾರೆ ನೋಡಿ ಆಮೇಲೆ ಸಹಿ ಹಾಕೋಣ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆ ದಿನ ಯಾರೂ ಇಳಿಯೋದು ಬೇಡ.